ಮದ್ರಾಸ್ ಮೇಲೆ ಬಿದ್ದ ಗುಂಡಿನಿಂದ ಮಂಗಳೂರಿನ ಟ್ಯಾಂಕರ್‌ವರೆಗೆ: ಬೆಂಗಾವಲು ಯುದ್ಧನೌಕೆಗಳ ಕೆಲಸವೇನು? ಇಲ್ಲಿದೆ ಮಾಹಿತಿ

ಚೆನ್ನೈ: ಅಡ್ಯಾರ್ ಎಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ಸಿಹಿತಿಂಡಿ ಅಂಗಡಿ. ಮಂಗಳೂರಿನವರಿಗೆ ನಗರದ ಹೊರವಲಯದಲ್ಲಿ ಅದೇ ಹೆಸರಿನ ಊರಿದೆ. ಚೆನ್ನೈನಲ್ಲಿ ಅಡ್ಯಾರ್ ಎಂದರೆ ಒಂದು ನದಿ, ಅದರ ದಡದ ಬಡಾವಣೆ. ಇವೆಲ್ಲದರ ಜೊತೆಗೆ ನೌಕಾಪಡೆಯ ಪಟ್ಟಿಯಲ್ಲೂ ಒಂದು ಅಡ್ಯಾರ್ ಇದೆ. ಅದೇ 'ಐಎನ್‌ಎಸ್ ಅಡ್ಯಾರ್'.

ಹೆಸರು ಕೇಳಿದರೆ ಯುದ್ಧನೌಕೆ ಅನ್ನಿಸುತ್ತದೆ. ಆದರೆ ಐಎನ್‌ಎಸ್ ಅಡ್ಯಾರ್ ನೀರಿನ ಮೇಲೆ ತೇಲುವುದಿಲ್ಲ. ಅದು ಚೆನ್ನೈನಲ್ಲಿರುವ ನೌಕಾಪಡೆಯ ನೆಲದ ಮೇಲಿನ ನೆಲೆ. ಕಾರವಾರದ ಐಎನ್‌ಎಸ್ ಕದಂಬದಂತೆ ನೆಲದ ಮೇಲಿನ ನೆಲೆಗಳಿಗೂ ನೌಕಾಪಡೆ 'ಐಎನ್‌ಎಸ್' ಎಂದೇ ಹೆಸರಿಡುತ್ತದೆ. ವಿಶಾಖಪಟ್ಟಣದಲ್ಲಿ ಕೇಂದ್ರ ಕಚೇರಿ ಇರುವ ಪೂರ್ವ ನೌಕಾ ಕಮಾಂಡ್ ವ್ಯಾಪ್ತಿಗೆ ಈ ನೆಲೆ ಸೇರುತ್ತದೆ.

ಹಾಗಾದರೆ ನಿಜವಾಗಿಯೂ ಸಮುದ್ರಕ್ಕಿಳಿದು ಸರಕು ಹಡಗುಗಳನ್ನು, ವಿಮಾನವಾಹಕ ನೌಕೆಗಳನ್ನು ಕಾಯುವ ನೌಕೆಗಳು ಯಾವುವು? ಡಿಸ್ಟ್ರಾಯರ್, ಫ್ರಿಗೇಟ್, ಕಾರ್ವೆಟ್ ಎಂದು ಸುದ್ದಿಯಲ್ಲಿ ಬರುವ ಪದಗಳ ಅರ್ಥವೇನು? ನಮ್ಮ ಅಡುಗೆಮನೆಯ ಗ್ಯಾಸ್‌ಗೂ ಈ ನೌಕೆಗಳಿಗೂ ಏನು ಸಂಬಂಧ? ಒಂದೊಂದಾಗಿ ನೋಡೋಣ.

ಬೆಂಗಾವಲು ಯಾಕೆ ಬೇಕು? ಉತ್ತರ ಮದ್ರಾಸ್‌ನಲ್ಲಿದೆ

1914ರ ಸೆಪ್ಟೆಂಬರ್ 22. ಮೊದಲ ಮಹಾಯುದ್ಧ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ. ರಾತ್ರಿ ಸುಮಾರು 9.30ರ ಹೊತ್ತಿಗೆ ಜರ್ಮನಿಯ 'ಎಮ್ಡೆನ್' ಎಂಬ ಕ್ರೂಸರ್ ನೌಕೆ ಮದ್ರಾಸ್ ಬಂದರಿನ ಎದುರು ಬಂದು ನಿಂತಿತು. ಕ್ಯಾಪ್ಟನ್ ಕಾರ್ಲ್ ಫಾನ್ ಮುಲ್ಲರ್ ಅದರ ಕಮಾಂಡರ್. ಸರ್ಚ್‌ಲೈಟ್ ಹಾಕಿ ಸುಮಾರು ಅರ್ಧ ಗಂಟೆಯಲ್ಲಿ 130ರಷ್ಟು ಗುಂಡುಗಳನ್ನು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕ್‌ಗಳು ಹೊತ್ತಿ ಉರಿದವು. ಕನಿಷ್ಠ 5 ಮಂದಿ ಸತ್ತರು. ದಡದ ತೋಪುಗಳು ಉತ್ತರ ಕೊಡುವ ಹೊತ್ತಿಗೆ ನೌಕೆ ಕತ್ತಲಲ್ಲಿ ಮರೆಯಾಗಿತ್ತು.

ಹಾನಿಗಿಂತ ಭಯ ದೊಡ್ಡದಾಗಿತ್ತು. ಸಾವಿರಾರು ಜನ ಊರು ಬಿಟ್ಟರು. 'ಎಮ್ಡನ್' ಎಂಬ ಪದ ತಮಿಳಿನಲ್ಲಿ ಚಾಲಾಕಿ, ಗಟ್ಟಿಗ ಎಂಬರ್ಥದಲ್ಲಿ ಇಂದಿಗೂ ಉಳಿದಿದೆ. ಗುಂಡು ಬಿದ್ದ ಜಾಗವನ್ನು ಗುರುತಿಸುವ ಫಲಕ ಮದ್ರಾಸ್ ಹೈಕೋರ್ಟ್ ಆವರಣದಲ್ಲಿದೆ.

ಎಮ್ಡೆನ್‌ನ ನಿಜವಾದ ಬೇಟೆ ಮಾತ್ರ ಸಮುದ್ರದಲ್ಲಿ ನಡೆದಿತ್ತು. ಕೆಲವೇ ವಾರಗಳಲ್ಲಿ ಅದು 20ಕ್ಕೂ ಹೆಚ್ಚು ವಾಣಿಜ್ಯ ಹಡಗುಗಳನ್ನು ಮುಳುಗಿಸಿತು ಅಥವಾ ವಶಪಡಿಸಿಕೊಂಡಿತು. ಒಂದೇ ನೌಕೆಗೆ ಇದೆಲ್ಲ ಸಾಧ್ಯವಾಗಿದ್ದು ಆ ಹಡಗುಗಳೆಲ್ಲ ಒಂಟಿಯಾಗಿ ಸಾಗುತ್ತಿದ್ದುದರಿಂದ. ಯಾವುದಕ್ಕೂ ಕಾವಲಿರಲಿಲ್ಲ.

ಎಮ್ಡೆನ್‌ನ ಅಂತ್ಯವಾಗಿದ್ದು ಒಂದು ಬೆಂಗಾವಲು ನೌಕೆಯಿಂದಲೇ. 1914ರ ನವೆಂಬರ್ 1ರಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಸೈನಿಕರನ್ನು ಹೊತ್ತ ಹಡಗುಗಳ ದೊಡ್ಡ ಗುಂಪು ಆಸ್ಟ್ರೇಲಿಯಾದ ಆಲ್ಬನಿಯಿಂದ ಹೊರಟಿತ್ತು. ಬ್ರಿಟನ್‌ನ ಮಿನೋಟಾರ್, ಆಸ್ಟ್ರೇಲಿಯಾದ ಸಿಡ್ನಿ ಮತ್ತು ಮೆಲ್ಬರ್ನ್, ಜಪಾನಿನ ಇಬುಕಿ ಅದರ ಕಾವಲಿಗಿದ್ದವು. ನವೆಂಬರ್ 9ರಂದು ಕೋಕೋಸ್ ದ್ವೀಪದ ವೈರ್‌ಲೆಸ್ ಕೇಂದ್ರದಿಂದ 'ಅಪರಿಚಿತ ಹಡಗು ಬಂದಿದೆ' ಎಂಬ ಸಂದೇಶ ಬಂತು. ಆಗ ಬೆಂಗಾವಲಿನ ಹೊಣೆ ಹೊತ್ತಿದ್ದ ಮೆಲ್ಬರ್ನ್ ತಾನು ಹೋಗದೆ ಸಿಡ್ನಿಯನ್ನು ಕಳಿಸಿತು. ಸಿಡ್ನಿಯ ತೋಪುಗಳ ಮುಂದೆ ಎಮ್ಡೆನ್ ನಿಲ್ಲಲಿಲ್ಲ. ಕೊನೆಗೆ ಅದನ್ನು ನಾರ್ತ್ ಕೀಲಿಂಗ್ ದ್ವೀಪದ ದಿಬ್ಬಕ್ಕೆ ಹತ್ತಿಸಬೇಕಾಯಿತು.

ಬೆಂಗಾವಲಿನ ಮೂಲ ನಿಯಮ ಈ ಘಟನೆಯಲ್ಲಿದೆ. ಶತ್ರುವನ್ನು ಬೆನ್ನಟ್ಟುವುದು ಎರಡನೇ ಕೆಲಸ, ಕಾಯಬೇಕಾದ ಹಡಗುಗಳನ್ನು ಬಿಟ್ಟು ಹೋಗದಿರುವುದು ಮೊದಲ ಕೆಲಸ. ಒಂದು ನೌಕೆ ಬೇಟೆಗೆ ಹೋದರೂ ಉಳಿದವು ಜಾಗ ಬಿಡಲಿಲ್ಲ.

ಗುಂಪಿನಲ್ಲಿ ಹೋದರೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲವೇ?

ಹಡಗುಗಳು ಗುಂಪಾಗಿ, ಕಾವಲಿನೊಂದಿಗೆ ಸಾಗುವುದಕ್ಕೆ 'ಕಾನ್ವಾಯ್' ಎನ್ನುತ್ತಾರೆ. 40 ಹಡಗುಗಳನ್ನು ಒಟ್ಟಿಗೆ ಕಳಿಸಿದರೆ ಶತ್ರುವಿಗೆ ಒಂದೇ ಏಟಿಗೆ ಎಲ್ಲವನ್ನೂ ಕೊಟ್ಟಂತಲ್ಲವೇ ಎಂಬ ಪ್ರಶ್ನೆ ಸಹಜ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಹಿರಿಯ ಅಧಿಕಾರಿಗಳೂ ಹಾಗೆಯೇ ಯೋಚಿಸಿದ್ದರು. 1917ರ ಏಪ್ರಿಲ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಒಂದೇ ತಿಂಗಳಲ್ಲಿ 8 ಲಕ್ಷ ಟನ್‌ಗೂ ಹೆಚ್ಚು ಸಾಮರ್ಥ್ಯದ ಹಡಗುಗಳನ್ನು ಮುಳುಗಿಸಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಮೇ ತಿಂಗಳಿನಿಂದ ಕಾನ್ವಾಯ್ ಪದ್ಧತಿ ಶುರುವಾಯಿತು. ನಷ್ಟ ಇಳಿಯತೊಡಗಿತು.

ಇದಕ್ಕೆ ಎರಡು ಕಾರಣ.

ಮೊದಲನೆಯದು ಸಮುದ್ರದ ವಿಸ್ತಾರ. 40 ಹಡಗುಗಳು 40 ದಾರಿಯಲ್ಲಿ ಹೋದರೆ ಶತ್ರುವಿಗೆ 40 ಅವಕಾಶ. ಒಂದೇ ಗುಂಪಾಗಿ ಹೋದರೆ ಆ ಗುಂಪು ಸಮುದ್ರದ ಒಂದು ಸಣ್ಣ ತುಂಡಿನಲ್ಲಿ ಮಾತ್ರ ಇರುತ್ತದೆ. ಉಳಿದ ಇಡೀ ಸಮುದ್ರ ಖಾಲಿ. ಹುಡುಕುವವನಿಗೆ ಏನೂ ಸಿಗುವುದಿಲ್ಲ.

ಎರಡನೆಯದು ಲೆಕ್ಕ. ನಮ್ಮ ರೈತರಿಗೆ ಇದು ಚೆನ್ನಾಗಿ ಗೊತ್ತು. ಒಂದು ಎಕರೆಯ ಚೌಕ ಹೊಲಕ್ಕೆ ಹಾಕುವ ಬೇಲಿಯ ಎರಡು ಪಟ್ಟು ಬೇಲಿ ಹಾಕಿದರೆ ನಾಲ್ಕು ಎಕರೆಯ ಚೌಕ ಹೊಲ ಭದ್ರವಾಗುತ್ತದೆ. ಹೊಲ ನಾಲ್ಕು ಪಟ್ಟಾದರೂ ಬೇಲಿ ಎರಡೇ ಪಟ್ಟು. ಕಾನ್ವಾಯ್ ಸುತ್ತ ನಿಲ್ಲುವ ಯುದ್ಧನೌಕೆಗಳೇ ಆ ಬೇಲಿ. ಗುಂಪು ದೊಡ್ಡದಾದಷ್ಟೂ ಪ್ರತಿ ಹಡಗಿಗೆ ತಗಲುವ ಕಾವಲಿನ ಖರ್ಚು ಕಡಿಮೆ. ಎರಡನೇ ಮಹಾಯುದ್ಧದಲ್ಲಿ ವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ತಂಡ ಅಂಕಿಅಂಶ ಜೋಡಿಸಿ, ಸಣ್ಣ ಕಾನ್ವಾಯ್‌ಗಿಂತ ದೊಡ್ಡ ಕಾನ್ವಾಯ್ ಸುರಕ್ಷಿತ ಎಂದು ತೋರಿಸಿತು. ಇದೇ ಬ್ಲ್ಯಾಕೆಟ್ ಸ್ವಾತಂತ್ರ್ಯಾನಂತರ ಭಾರತ ಸರ್ಕಾರಕ್ಕೆ ರಕ್ಷಣಾ ವಿಜ್ಞಾನದ ವಿಷಯದಲ್ಲಿ ಸಲಹೆ ನೀಡಿದವರು.

ಇದಕ್ಕೆ ಬೆಲೆಯೂ ಇದೆ. ಗುಂಪಿನ ವೇಗ ಅದರಲ್ಲಿ ಎಲ್ಲಕ್ಕಿಂತ ನಿಧಾನದ ಹಡಗಿನ ವೇಗ. ಎಲ್ಲ ಹಡಗುಗಳು ಸೇರುವವರೆಗೆ ಬಂದರಿನಲ್ಲಿ ಕಾಯಬೇಕು. ತಲುಪಿದ ಮೇಲೆ ಎಲ್ಲವೂ ಒಟ್ಟಿಗೆ ಬಂದಿದ್ದರಿಂದ ಸರಕು ಇಳಿಸಲು ಮತ್ತೆ ಕಾಯಬೇಕು.

ಡಿಸ್ಟ್ರಾಯರ್, ಫ್ರಿಗೇಟ್, ಕಾರ್ವೆಟ್: ವ್ಯತ್ಯಾಸವೇನು?

ಈ ಹೆಸರುಗಳಿಗೆ ಎಲ್ಲ ದೇಶಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಒಂದು ದೇಶದ ಫ್ರಿಗೇಟ್ ಇನ್ನೊಂದು ದೇಶದ ಡಿಸ್ಟ್ರಾಯರ್‌ನಷ್ಟು ದೊಡ್ಡದಿರಬಹುದು. ಭಾರತೀಯ ನೌಕಾಪಡೆಯಲ್ಲಿ ಸ್ಥೂಲವಾಗಿ ಹೀಗಿದೆ:

* ಡಿಸ್ಟ್ರಾಯರ್: ಬೆಂಗಾವಲು ನೌಕೆಗಳಲ್ಲಿ ದೊಡ್ಡಣ್ಣ. ಟಾರ್ಪಿಡೊ ದೋಣಿಗಳನ್ನು ನಾಶ ಮಾಡಲು ಹುಟ್ಟಿಕೊಂಡಿದ್ದರಿಂದ ಈ ಹೆಸರು. ಈಗ ವಿಮಾನ, ಕ್ಷಿಪಣಿ, ಜಲಾಂತರ್ಗಾಮಿ ಮೂರನ್ನೂ ಎದುರಿಸಬಲ್ಲದು. 2016ರ ನವೆಂಬರ್ 21ರಂದು ಮುಂಬೈನಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಚೆನ್ನೈ ಇದೇ ವರ್ಗದ್ದು. ಉದ್ದ 164 ಮೀಟರ್, ತೂಕ 7,500 ಟನ್, ವೇಗ 30 ನಾಟ್‌ಗೂ ಹೆಚ್ಚು, ಅಂದರೆ ಗಂಟೆಗೆ ಸುಮಾರು 55 ಕಿ.ಮೀ.
* ಫ್ರಿಗೇಟ್: ಡಿಸ್ಟ್ರಾಯರ್‌ಗಿಂತ ತುಸು ಚಿಕ್ಕದು, ಎಲ್ಲ ಕೆಲಸಕ್ಕೂ ಸೈ. 2025ರ ಜನವರಿ 15ರಂದು ಸೇವೆಗೆ ಸೇರಿದ ಐಎನ್‌ಎಸ್ ನೀಲಗಿರಿ ಇದಕ್ಕೆ ಉದಾಹರಣೆ.
* ಕಾರ್ವೆಟ್: ಇನ್ನೂ ಚಿಕ್ಕದು, ಸಾಮಾನ್ಯವಾಗಿ ಒಂದು ಕೆಲಸದಲ್ಲಿ ಪರಿಣತ. ಐಎನ್‌ಎಸ್ ಕಮೋರ್ಟಾ ಜಲಾಂತರ್ಗಾಮಿಗಳನ್ನು ಬೇಟೆಯಾಡಲೆಂದೇ ಕಟ್ಟಿದ ಕಾರ್ವೆಟ್.
* ಆಳವಿಲ್ಲದ ನೀರಿನ ಜಲಾಂತರ್ಗಾಮಿ ನಿರೋಧಕ ನೌಕೆ: 77 ಮೀಟರ್ ಉದ್ದದ ಪುಟ್ಟ ನೌಕೆ. ಬಂದರಿನ ಬಾಯಿ, ಕರಾವಳಿಯ ಹತ್ತಿರದ ನೀರು ಇದರ ಕಾರ್ಯಕ್ಷೇತ್ರ.

ಕೊನೆಯ ವರ್ಗಕ್ಕೆ ಚೆನ್ನೈ ಮತ್ತು ಕಾರವಾರ ಎರಡರ ನಂಟೂ ಇದೆ. ಈ ವರ್ಗದ ಮೊದಲ ನೌಕೆ ಐಎನ್‌ಎಸ್ ಅರ್ನಾಲಾ ತಯಾರಾಗಿದ್ದು ಚೆನ್ನೈ ಸಮೀಪದ ಕಾಟುಪಳ್ಳಿ ಹಡಗುಕಟ್ಟೆಯಲ್ಲಿ. 2025ರ ಜೂನ್ 18ರಂದು ಅದು ಸೇವೆಗೆ ಸೇರಿತು. ಇದೇ ಕಾಟುಪಳ್ಳಿಯಲ್ಲಿ 2023ರ ಜೂನ್ 13ರಂದು ನೀರಿಗಿಳಿದ ಇನ್ನೊಂದು ನೌಕೆಯ ಹೆಸರು 'ಅಂಜದೀಪ್'. ಕಾರವಾರದ ಕಡಲಿನಲ್ಲಿರುವ ಅಂಜದೀಪ್ ದ್ವೀಪದ ಹೆಸರದು.

ಕಾವಲು ಕಾಯುವುದು ಹೇಗೆ?

ಬೆಂಗಾವಲು ಎಂದರೆ ವಿಐಪಿ ಕಾರಿನ ಹಿಂದೆ ಮುಂದೆ ಪೊಲೀಸ್ ಜೀಪ್ ಓಡಿದಂತೆ ಪಕ್ಕಪಕ್ಕದಲ್ಲೇ ಸಾಗುವುದಲ್ಲ. ಯುದ್ಧನೌಕೆಗಳು ಹಲವು ಕಿ.ಮೀ. ದೂರದಲ್ಲಿ ಹರಡಿಕೊಂಡಿರುತ್ತವೆ. ಅಪಾಯ ಗುರಿಯ ಹತ್ತಿರ ಬರುವ ಮೊದಲೇ ಪತ್ತೆಯಾಗಬೇಕು ಎಂಬುದು ಇದರ ಉದ್ದೇಶ.

ಮೇಲಿನಿಂದ ಬರುವ ವಿಮಾನ, ಕ್ಷಿಪಣಿ, ಡ್ರೋನ್‌ಗಳನ್ನು ರೇಡಾರ್ ಹುಡುಕುತ್ತದೆ. ನೀರಿನೊಳಗಿನ ಜಲಾಂತರ್ಗಾಮಿಯನ್ನು ಸೋನಾರ್ ಶಬ್ದದ ಮೂಲಕ ಪತ್ತೆ ಮಾಡುತ್ತದೆ. ಆದರೆ ನೌಕೆ ವೇಗವಾಗಿ ಓಡಿದಷ್ಟೂ ಅದರದೇ ಸದ್ದಿನಲ್ಲಿ ಸೋನಾರ್‌ಗೆ ಕಿವಿ ಕೇಳಿಸದಂತಾಗುತ್ತದೆ. ನೀರಿನ ಉಷ್ಣತೆ ಮತ್ತು ಉಪ್ಪಿನಂಶ ಪದರಪದರವಾಗಿ ಬದಲಾಗುವ ಕಡೆ ಶಬ್ದ ಬಾಗಿ ಹೋಗುತ್ತದೆ. ಅಂಥ ಪದರದ ಕೆಳಗೆ ಜಲಾಂತರ್ಗಾಮಿ ಅಡಗಿ ಕೂರಬಲ್ಲದು. ಆದ್ದರಿಂದಲೇ ಬೆಂಗಾವಲು ನೌಕೆಗಳಲ್ಲಿ ಹೆಲಿಕಾಪ್ಟರ್ ಇರುತ್ತದೆ. ಅದು ಮುಂದೆ ಹಾರಿ, ಸೋನಾರನ್ನು ಹಗ್ಗದಲ್ಲಿ ನೀರಿಗಿಳಿಸಿ ಕೇಳುತ್ತದೆ. ಜಲಾಂತರ್ಗಾಮಿ ಅದರ ಮೇಲೆ ಟಾರ್ಪಿಡೊ ಹಾರಿಸಲಾಗದು.

ಈ ಆಟ ಎಷ್ಟು ಅಪಾಯದ್ದು ಎಂಬುದಕ್ಕೆ ಐಎನ್‌ಎಸ್ ಖುಕ್ರಿ ಸಾಕ್ಷಿ. 1971ರ ಡಿಸೆಂಬರ್ 9ರಂದು ದಿಯು ಕರಾವಳಿಯಲ್ಲಿ ಖುಕ್ರಿ ಮತ್ತು ಕಿರ್ಪಾಣ್ ಫ್ರಿಗೇಟ್‌ಗಳು ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ಹುಡುಕಾಟದಲ್ಲಿದ್ದವು. ಬೇಟೆಗಾರನೇ ಬೇಟೆಯಾಗಿಹೋದ. ಟಾರ್ಪಿಡೊ ಬಡಿದು ಖುಕ್ರಿ ಮುಳುಗಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಪ್ರಾಣ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ನೌಕೆಯೊಂದಿಗೇ ಹೋದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ನೀಡಲಾಯಿತು.

ಅದೇ ಯುದ್ಧದಲ್ಲಿ ಪೂರ್ವ ಕರಾವಳಿಯಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್‌ಗೆ ಬ್ರಹ್ಮಪುತ್ರ, ಬಿಯಾಸ್‌ನಂಥ ಫ್ರಿಗೇಟ್‌ಗಳ ಕಾವಲಿತ್ತು. ವಿಮಾನವಾಹಕ ನೌಕೆ ಎಷ್ಟೇ ದೊಡ್ಡದಾದರೂ ಒಂಟಿಯಾಗಿ ಹೋಗುವುದಿಲ್ಲ. ಈಗಿನ 262 ಮೀಟರ್ ಉದ್ದದ ಐಎನ್‌ಎಸ್ ವಿಕ್ರಾಂತ್‌ಗೂ, ಕಾರವಾರದಲ್ಲಿ ನೆಲೆ ನಿಲ್ಲುವ ಐಎನ್‌ಎಸ್ ವಿಕ್ರಮಾದಿತ್ಯಗೂ ಇದೇ ನಿಯಮ.

'ಮೈಸೂರು' ಹೆಸರಿನ ಎರಡು ನೌಕೆಗಳ ಕಥೆ

ಬೆಂಗಾವಲಿನ ಇತಿಹಾಸದಲ್ಲಿ ಕನ್ನಡಿಗರಿಗೆ ಹತ್ತಿರದ ಹೆಸರು ಐಎನ್‌ಎಸ್ ಮೈಸೂರು. ಈ ಹೆಸರಿನ ಎರಡು ನೌಕೆಗಳು ಬಂದಿವೆ. ಎರಡರ ಲಾಂಛನವೂ ಗಂಡಭೇರುಂಡ.

ಮೊದಲ ಐಎನ್‌ಎಸ್ ಮೈಸೂರಿನ ಹಳೆಯ ಹೆಸರು 'ನೈಜೀರಿಯಾ'. ಬ್ರಿಟಿಷ್ ನೌಕಾಪಡೆಯ ಈ ಕ್ರೂಸರ್ 1942ರ ಆಗಸ್ಟ್‌ನಲ್ಲಿ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಹೊರಟ 'ಪೆಡೆಸ್ಟಲ್' ಕಾನ್ವಾಯ್‌ನ ಹತ್ತಿರದ ಬೆಂಗಾವಲಿಗೆ ನಾಯಕ ನೌಕೆಯಾಗಿತ್ತು. ಮುತ್ತಿಗೆಯಲ್ಲಿದ್ದ ಮಾಲ್ಟಾದ ಜನರಿಗೆ ಆಹಾರ ಮತ್ತು ಇಂಧನ ತಲುಪಿಸಬೇಕಿತ್ತು. ಆಗಸ್ಟ್ 12ರಂದು ಇಟಲಿಯ 'ಆಕ್ಸಮ್' ಜಲಾಂತರ್ಗಾಮಿಯ ಟಾರ್ಪಿಡೊ ನೈಜೀರಿಯಾಕ್ಕೆ ಬಡಿಯಿತು. 52 ಮಂದಿ ಸತ್ತರು. ರಿಯರ್ ಅಡ್ಮಿರಲ್ ಬರೋ 'ಅಶಾಂತಿ' ಎಂಬ ಡಿಸ್ಟ್ರಾಯರ್‌ಗೆ ದಾಟಿಕೊಂಡು ಮುಂದುವರಿದರು. ಗಾಯಗೊಂಡ ನೈಜೀರಿಯಾ ಜಿಬ್ರಾಲ್ಟರ್‌ಗೆ ಮರಳಿತು. ಹೊರಟಿದ್ದ 14 ವಾಣಿಜ್ಯ ಹಡಗುಗಳಲ್ಲಿ ಮಾಲ್ಟಾ ತಲುಪಿದ್ದು 5 ಮಾತ್ರ. ಕೊನೆಯದಾಗಿ ಆಗಸ್ಟ್ 15ರಂದು ಜರ್ಜರಿತ ಸ್ಥಿತಿಯಲ್ಲಿ ಬಂದ 'ಓಹಿಯೋ' ಟ್ಯಾಂಕರ್ ತಂದ ಇಂಧನದಿಂದ ದ್ವೀಪ ಉಳಿಯಿತು.

ಇದೇ ನೌಕೆಯನ್ನು ಭಾರತ ಕೊಂಡು 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂದು ಸೇವೆಗೆ ಸೇರಿಸಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ವೇಳೆ ಅಂಜದೀಪ್ ದ್ವೀಪವನ್ನು ಪೋರ್ಚುಗೀಸರಿಂದ ವಶಪಡಿಸಿಕೊಂಡ ಕಾರ್ಯಾಚರಣೆಯಲ್ಲಿ ಇದ್ದದ್ದು ಐಎನ್‌ಎಸ್ ತ್ರಿಶೂಲ್ ಮತ್ತು ಇದೇ ಐಎನ್‌ಎಸ್ ಮೈಸೂರು. ಅಲ್ಲಿ 7 ನಾವಿಕರು ಹುತಾತ್ಮರಾದರು. 1985ರಲ್ಲಿ ನೌಕೆ ನಿವೃತ್ತಿಯಾಯಿತು.

1999ರ ಜೂನ್ 2ರಂದು ಸೇವೆಗೆ ಬಂದ ಎರಡನೇ ಐಎನ್‌ಎಸ್ ಮೈಸೂರು ಡಿಸ್ಟ್ರಾಯರ್. 2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ 'ಗಿಬೆ' ಎಂಬ ಇಥಿಯೋಪಿಯಾದ ಹಡಗು ನೆರವಿಗಾಗಿ ಕೂಗಿದಾಗ ಧಾವಿಸಿ 23 ಶಂಕಿತ ಕಡಲ್ಗಳ್ಳರನ್ನು ಹಿಡಿಯಿತು.

ಚಿಕ್ಕ ನೌಕೆ, ದೊಡ್ಡ ಕಾದಾಟ

ಬೆಂಗಾವಲಿನಲ್ಲಿ ಗಾತ್ರವೊಂದೇ ಮುಖ್ಯವಲ್ಲ ಎಂದು ತೋರಿಸಿದ್ದು 'ಬೆಂಗಾಲ್' ಎಂಬ ಪುಟ್ಟ ನೌಕೆ. ಅಂದಿನ ರಾಯಲ್ ಇಂಡಿಯನ್ ನೇವಿಗೆ ಸೇರಿದ ಇದು 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದಲ್ಲಿ 'ಒಂಡಿನಾ' ಎಂಬ ಡಚ್ ಟ್ಯಾಂಕರ್‌ಗೆ ಕಾವಲಾಗಿ ಸಾಗುತ್ತಿತ್ತು. ಎದುರಿಗೆ ಬಂದಿದ್ದು ಹಲವು ಪಟ್ಟು ದೊಡ್ಡದಾದ ಜಪಾನಿನ ಎರಡು ಶಸ್ತ್ರಸಜ್ಜಿತ ಹಡಗುಗಳು. ಬೆಂಗಾಲ್‌ನಲ್ಲಿದ್ದ ದೊಡ್ಡ ತೋಪು ಒಂದೇ ಒಂದು. ಟ್ಯಾಂಕರ್ ತಪ್ಪಿಸಿಕೊಳ್ಳಲಿ ಎಂದು ಅದು ನೇರವಾಗಿ ಶತ್ರುವಿನತ್ತಲೇ ತಿರುಗಿತು. ಟ್ಯಾಂಕರ್ ಕೂಡ ಓಡಲಿಲ್ಲ, ತನ್ನ ಒಂದು ತೋಪಿನಿಂದ ಗುಂಡು ಹಾರಿಸಿತು. ಜಪಾನಿನ 'ಹೊಕೊಕು ಮಾರು' ಸ್ಫೋಟಗೊಂಡು ಮುಳುಗಿತು. ಒಂಡಿನಾದ ಕ್ಯಾಪ್ಟನ್ ಪ್ರಾಣ ತೆತ್ತರು. ಆದರೆ ಬೆಂಗಾಲ್ ಮತ್ತು ಒಂಡಿನಾ ಎರಡೂ ಉಳಿದವು.

ಈಗಲೂ ಬೆಂಗಾವಲು ಬೇಕೇ?

ಬೇಕು. ಮಹಾಯುದ್ಧದ ಕಾಲದ ಬೃಹತ್ ಕಾನ್ವಾಯ್‌ಗಳು ಈಗ ಕಾಣುವುದಿಲ್ಲ. ಅಪಾಯದ ರೂಪ ಬದಲಾಗಿದೆ ಅಷ್ಟೆ.

2008ರ ಅಕ್ಟೋಬರ್‌ನಿಂದ ಭಾರತೀಯ ನೌಕಾಪಡೆ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಗಸ್ತು ನಡೆಸುತ್ತಿದೆ. ಸುಮಾರು 490 ನಾಟಿಕಲ್ ಮೈಲಿ ಉದ್ದದ ನಿಗದಿತ ಹಾದಿಯಲ್ಲಿ ವಾಣಿಜ್ಯ ಹಡಗುಗಳನ್ನು ಗುಂಪಾಗಿ ದಾಟಿಸುವ ಕೆಲಸ ಇದರಲ್ಲಿ ಸೇರಿದೆ.

2019ರ ಜೂನ್‌ನಲ್ಲಿ ಓಮನ್ ಕೊಲ್ಲಿಯಲ್ಲಿ ಟ್ಯಾಂಕರ್‌ಗಳ ಮೇಲೆ ದಾಳಿಯಾದಾಗ ನೌಕಾಪಡೆ 'ಆಪರೇಷನ್ ಸಂಕಲ್ಪ' ಆರಂಭಿಸಿತು. ಭಾರತದ ಧ್ವಜ ಹೊತ್ತ ಹಡಗುಗಳು ಹಾರ್ಮುಜ್ ಜಲಸಂಧಿಯನ್ನು ಸುರಕ್ಷಿತವಾಗಿ ದಾಟುವಂತೆ ನೋಡಿಕೊಳ್ಳುವುದು ಉದ್ದೇಶ. ಮೊದಲಿಗೆ ಅಲ್ಲಿಗೆ ಹೋದ ನೌಕೆಗಳು ಐಎನ್‌ಎಸ್ ಚೆನ್ನೈ ಮತ್ತು ಐಎನ್‌ಎಸ್ ಸುನಯನಾ.

ಕರ್ನಾಟಕಕ್ಕೆ ಇದರ ಬಿಸಿ ನೇರವಾಗಿ ತಟ್ಟಿದ್ದು 2023ರ ಡಿಸೆಂಬರ್ 23ರಂದು. ಸೌದಿ ಅರೇಬಿಯಾದಿಂದ ನವಮಂಗಳೂರು ಬಂದರಿಗೆ ಬರುತ್ತಿದ್ದ 'ಕೆಮ್ ಪ್ಲೂಟೊ' ಟ್ಯಾಂಕರ್ ಮೇಲೆ ಪೋರ್‌ಬಂದರ್‌ನಿಂದ 200ಕ್ಕೂ ಹೆಚ್ಚು ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಂದು ಬಡಿಯಿತು. ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಸಿಬ್ಬಂದಿಯಲ್ಲಿ ಬಹುತೇಕರು ಭಾರತೀಯರು. ಅದೃಷ್ಟವಶಾತ್ ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಡ್ರೋನ್ ಇರಾನ್‌ನಿಂದ ಬಂತು ಎಂದು ಅಮೆರಿಕ ಹೇಳಿತು, ಇರಾನ್ ಅದನ್ನು ನಿರಾಕರಿಸಿತು. ಮಂಗಳೂರಿಗೆ ಬರಬೇಕಿದ್ದ ಹಡಗು ಕರಾವಳಿ ರಕ್ಷಣಾ ಪಡೆಯ 'ವಿಕ್ರಮ್' ನೌಕೆಯ ಬೆಂಗಾವಲಿನಲ್ಲಿ ಮುಂಬೈ ಸೇರಿತು. ಈ ವಿಕ್ರಮ್ ಕೂಡ ಕಾಟುಪಳ್ಳಿಯಲ್ಲೇ ತಯಾರಾದ ನೌಕೆ.

ಆ ಘಟನೆಯ ನಂತರ ನೌಕಾಪಡೆ ಅರಬ್ಬಿ ಸಮುದ್ರಕ್ಕೆ ಹಲವು ಡಿಸ್ಟ್ರಾಯರ್‌ಗಳನ್ನು ಕಳಿಸಿತು. ಮುಂದಿನ ಕೆಲವೇ ತಿಂಗಳಲ್ಲಿ ನಡೆದ ಪ್ರಮುಖ ಕಾರ್ಯಾಚರಣೆಗಳು ಹೀಗಿವೆ:

* 2024ರ ಜನವರಿ 5: ಸೊಮಾಲಿಯಾ ಬಳಿ 'ಲೀಲಾ ನಾರ್ಫೋಕ್' ಹಡಗಿಗೆ ಕಡಲ್ಗಳ್ಳರು ಹತ್ತಿದ್ದರು. ಐಎನ್‌ಎಸ್ ಚೆನ್ನೈ ತಲುಪಿ, ಮಾರ್ಕೋಸ್ ಕಮಾಂಡೊಗಳು ಹಡಗನ್ನು ಶೋಧಿಸಿದರು. 15 ಭಾರತೀಯರೂ ಸೇರಿ 21 ಸಿಬ್ಬಂದಿ ಸುರಕ್ಷಿತವಾಗಿ ಹೊರಬಂದರು.
* 2024ರ ಜನವರಿ 26: ಏಡನ್ ಕೊಲ್ಲಿಯಲ್ಲಿ ಕ್ಷಿಪಣಿ ಬಡಿದು 'ಮಾರ್ಲಿನ್ ಲುವಾಂಡಾ' ಟ್ಯಾಂಕರ್ ಹೊತ್ತಿ ಉರಿಯಿತು. ಅದರಲ್ಲಿ 22 ಭಾರತೀಯರಿದ್ದರು. ಐಎನ್‌ಎಸ್ ವಿಶಾಖಪಟ್ಟಣಂ ತಂಡ ಬೆಂಕಿ ಆರಿಸಲು ನೆರವಾಯಿತು.
* 2024ರ ಮಾರ್ಚ್ 16: ಮೂರು ತಿಂಗಳಿಂದ ಕಡಲ್ಗಳ್ಳರ ವಶದಲ್ಲಿದ್ದ 'ರುಯೆನ್' ಹಡಗನ್ನು ಐಎನ್‌ಎಸ್ ಕೋಲ್ಕತಾ ಸುಮಾರು 40 ಗಂಟೆ ಬೆನ್ನಟ್ಟಿ ಬಿಡಿಸಿತು. 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಪಾರಾದರು.

ಮುಂದಿರುವ ಸವಾಲುಗಳೇನು?

ಮೊದಲ ಸವಾಲು ಧ್ವಜದ್ದು. ಕೆಮ್ ಪ್ಲೂಟೊ ನೋಂದಣಿಯಾಗಿದ್ದು ಲೈಬೀರಿಯಾದಲ್ಲಿ, ಮಾಲೀಕರು ಜಪಾನಿನವರು, ದುಡಿಯುತ್ತಿದ್ದವರು ಭಾರತೀಯರು, ಸರಕು ಬರುತ್ತಿದ್ದುದು ಮಂಗಳೂರಿಗೆ. ಅಂತರರಾಷ್ಟ್ರೀಯ ನಿಯಮದಂತೆ ಹಡಗಿನ ಮೇಲಿನ ಅಧಿಕಾರ ಧ್ವಜ ಕೊಟ್ಟ ದೇಶದ್ದು. ಆದರೆ ಆ ದೇಶಕ್ಕೆ ಅರಬ್ಬಿ ಸಮುದ್ರಕ್ಕೆ ಯುದ್ಧನೌಕೆ ಕಳಿಸುವ ಶಕ್ತಿ ಇಲ್ಲ. ಭಾರತಕ್ಕೆ ಸರಕು ತರುವ ಹಡಗುಗಳಲ್ಲಿ ಹೆಚ್ಚಿನವು ವಿದೇಶಿ ಧ್ವಜದವು. ನಮ್ಮ ಧ್ವಜದ ಹಡಗುಗಳಿಗೆ ಮಾತ್ರ ಕಾವಲು ಕೊಟ್ಟರೆ ನಮ್ಮ ಗ್ಯಾಸ್, ಕಚ್ಚಾ ತೈಲ, ಗೊಬ್ಬರದ ದೊಡ್ಡ ಪಾಲು ಕಾವಲಿಲ್ಲದೆ ಬರುತ್ತದೆ. ಮೇಲಿನ ಮೂರು ಘಟನೆಗಳಲ್ಲೂ ನೌಕಾಪಡೆ ಧ್ವಜ ನೋಡದೆ ನೆರವಿಗೆ ಹೋಯಿತು. ಸಾಮರ್ಥ್ಯಕ್ಕೆ ಮಿತಿ ಇರುವಾಗ ಯಾವ ಹಡಗಿಗೆ ಮೊದಲು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಎರಡನೆಯದು ಖರ್ಚು. ಅಗ್ಗದ ಡ್ರೋನ್ ಒಂದನ್ನು ಹೊಡೆಯಲು ದುಬಾರಿ ಕ್ಷಿಪಣಿ ಬಳಸಬೇಕಾಗುತ್ತದೆ. ನೌಕೆಯಲ್ಲಿರುವ ಕ್ಷಿಪಣಿಗಳ ಸಂಖ್ಯೆ ಸೀಮಿತ. ಅವು ಮುಗಿದರೆ ಬಂದರಿಗೆ ಮರಳಬೇಕು. ಇದೇ ಕಾರಣಕ್ಕೆ ನೌಕೆಗಳಲ್ಲಿ ತೋಪು ಮತ್ತು ಡ್ರೋನ್‌ನ ಸಂಪರ್ಕ ಕೆಡಿಸುವ ಸಾಧನಗಳಿಗೆ ಮತ್ತೆ ಮಹತ್ವ ಬಂದಿದೆ.

ಮೂರನೆಯದು ಸಂಖ್ಯೆ. ಒಂದು ನೌಕೆ ಕಾವಲಿನಲ್ಲಿದ್ದರೆ ಇನ್ನೊಂದು ದಾರಿಯಲ್ಲಿರುತ್ತದೆ, ಮತ್ತೊಂದು ದುರಸ್ತಿಯಲ್ಲಿರುತ್ತದೆ. ಒಂದು ಜಾಗದಲ್ಲಿ ವರ್ಷವಿಡೀ ಒಂದು ನೌಕೆ ನಿಲ್ಲಿಸಲು ಸುಮಾರು ಮೂರು ನೌಕೆ ಬೇಕಾಗುತ್ತದೆ. ಕರಾವಳಿ ಕಾಯಲು ಅರ್ನಾಲಾ, ಅಂಜದೀಪ್‌ನಂಥ ಪುಟ್ಟ ನೌಕೆಗಳು ಒಟ್ಟು 16 ತಯಾರಾಗುತ್ತಿರುವುದರ ಹಿಂದಿನ ಲೆಕ್ಕವೂ ಇದೇ. ಬಂದರಿನ ಬಾಗಿಲನ್ನು ಇವು ನೋಡಿಕೊಂಡರೆ ಐಎನ್‌ಎಸ್ ಚೆನ್ನೈ, ಐಎನ್‌ಎಸ್ ಮೈಸೂರಿನಂಥ ದೊಡ್ಡ ನೌಕೆಗಳು ದೂರದ ಸಮುದ್ರಕ್ಕೆ ಹೋಗಲು ಬಿಡುವಾಗುತ್ತದೆ.

ಆದ್ದರಿಂದ ಮುಂದಿನ ಸಲ 'ಹೊಸ ಕಾರ್ವೆಟ್ ನೌಕಾಪಡೆಗೆ ಸೇರ್ಪಡೆ' ಎಂಬ ಸುದ್ದಿ ಓದಿದಾಗ ಅದು ಎಷ್ಟು ಉದ್ದ, ಎಷ್ಟು ವೇಗ ಎಂಬುದರ ಜೊತೆಗೆ ಅದು ಯಾವ ಹಾದಿಯನ್ನು ಕಾಯಲಿದೆ ಎಂಬುದನ್ನೂ ಗಮನಿಸಿ. ಆ ಹಾದಿಯಲ್ಲಿ ಬರುವ ಹಡಗಿನಲ್ಲಿ ನಮ್ಮ ಮನೆಯ ಸಿಲಿಂಡರ್‌ನ ಅನಿಲ ಇರಬಹುದು. ಅದನ್ನು ನಡೆಸುವ ನಾವಿಕ ನಮ್ಮ ಕರಾವಳಿಯ ಮನೆಯೊಂದರವನೂ ಆಗಿರಬಹುದು.